ತಂತಿಯನ್ನು ಒತ್ತದೆ ‘ಸೋಕಿ’ ನುಡಿಸುವುದಕ್ಕೆ ಏನನ್ನೋಣ?

ಗೆಳೆಯರೇ, ಬೇಸ್ ಗಿಟಾರ್‌ನ ನ್ಯಾಚುರಲ್ ಹಾರ್ಮೋನಿಕ್ಸ್‌ಗೆ ಕನ್ನಡದ ಪದ ಹುಡುಕುತ್ತಿದ್ದೇನೆ. ಅಕ್ಕನ ಮಗನಿಗೆ ಹೇಳಿಕೊಡುವಾಗ ‘ತಂತಿ ಮುಟ್ಟು’ ಅಂದರೆ ಅವನು ಒತ್ತಿಯೇಬಿಡುತ್ತಾನೆ. ಬೇಕಾದ್ದು ಅದಲ್ಲ. 12ನೇ ಫ್ರೆಟ್‌ನ ಲೋಹದ ಪಟ್ಟಿಗೆ ನೇರ ಮೇಲೆ ಬೆರಳ ತುದಿ ತಂತಿಗೆ ಸುಮ್ನೆ ತಗುಲಬೇಕು, ತಂತಿ ಒಂಚೂರೂ ತಗ್ಗಬಾರದು, ಬಲಗೈಯಲ್ಲಿ ಮೀಟಿದ ಕೂಡಲೇ ಎಡಗೈ ಬೆರಳು ಎತ್ತಿಬಿಡಬೇಕು. ಆಗ ಅಷ್ಟು ದಪ್ಪ ತಂತಿಯಿಂದ ಪುಟ್ಟ ಗಂಟೆಯ ಹಾಗೆ ದನಿ ಬರುತ್ತದೆ.

ಇಲ್ಲಿ ಕ್ರಿಯಾಪದ ತಪ್ಪಿದರೆ ಸ್ವರವೇ ತಪ್ಪುತ್ತದೆ. ಏನೂ ಒತ್ತದ ತಂತಿ ‘ಸ’ ಅಂದುಕೊಳ್ಳಿ. 5ನೇ ಫ್ರೆಟ್‌ನಲ್ಲಿ ಒತ್ತಿದರೆ ಶುದ್ಧ ಮಧ್ಯಮ, ಅಲ್ಲೇ ಪಟ್ಟಿಯ ಮೇಲೆ ಬರೀ ತಗುಲಿಸಿದರೆ ಎರಡು ಸ್ಥಾಯಿ ಮೇಲಿನ ‘ಸ’! 7ರಲ್ಲಿ ಎರಡೂ ‘ಪ’ನೇ, ಆದರೆ ತಗುಲಿಸಿದ್ದು ಒಂದು ಸ್ಥಾಯಿ ಮೇಲೆ.

ನನಗೆ ಹಿಡಿಸಿದ್ದು ‘ಸೋಕು’. ಗಾಳಿ ಸೋಕಿತು ಅಂತೀವಲ್ಲ, ಅಷ್ಟೇ ಹಗುರ. ‘ತಾಕು’ ಅಂದರೆ ಡಿಕ್ಕಿ ಹೊಡೆದ ಹಾಗೆ, ‘ಸವರು’ ಅಂದರೆ ಕೈ ಸರಿದಾಡಬೇಕು. ಆದರೆ ‘ಸೋಕು’ ಅಂದ ಕೂಡಲೇ ಈಗ ಜಾಸ್ತಿ ಜನಕ್ಕೆ ರೋಗದ ಸೋಂಕು ನೆನಪಾಗುತ್ತದೆ, ಅಲ್ವಾ? ‘ಸೋಕುಸ್ವರ’ ಅಂದರೆ ನಿಮ್ಮ ಕಿವಿಗೆ ಹೇಗೆ ಕೇಳುತ್ತದೆ?

ಕೆಲವರು ‘ಅನುರಣನ’ ಅನ್ನುತ್ತಾರೆ. ನಾನು ಒಪ್ಪುವುದಿಲ್ಲ, ಒಂದರ ನಾದಕ್ಕೆ ಇನ್ನೊಂದು ದನಿಗೂಡಿಸುವುದು ಬೇರೆಯೇ ಸಂಗತಿ. ಅದಕ್ಕಿಂತ ತಂಬೂರಿಯವರ ‘ಸ್ವಯಂಭೂ ಸ್ವರ’ ಹತ್ತಿರ. ಮಂದ್ರ ಷಡ್ಜದ ತಂತಿ ಮೀಟಿದಾಗ ಯಾರೂ ನುಡಿಸದ ಗಾಂಧಾರ ತಾನಾಗಿ ಕೇಳುತ್ತದಲ್ಲ, ಅದೇ ಗಾಂಧಾರ ಬೇಸ್‌ನಲ್ಲೂ ಸಿಗುತ್ತದೆ: 34 ಇಂಚಿನ ತಂತಿಯ ಐದನೇ ಒಂದು ಭಾಗದಲ್ಲಿ, ಅಂದರೆ 4ನೇ ಫ್ರೆಟ್‌ಗಿಂತ ಅರ್ಧ ಸೆಂಟಿಮೀಟರಿನಷ್ಟು ಹಿಂದೆ, ಗಿಟಾರ್ ತಲೆಯ ಕಡೆಗೆ. ಬೆರಳು ಅದನ್ನು ಹುಟ್ಟಿಸುವುದಿಲ್ಲ. ಉಳಿದ ಸ್ವರಗಳನ್ನು ಸುಮ್ಮನಾಗಿಸುತ್ತದೆ, ತಂತಿಯೊಳಗೆ ಮೊದಲೇ ಇದ್ದದ್ದು ಬಯಲಾಗುತ್ತದೆ. ಹಾಗಾಗಿ ಸ್ವರಕ್ಕೆ ‘ಸ್ವಯಂಭೂ’, ನುಡಿಸುವ ಬಗೆಗೆ ‘ಸೋಕು’ ಅಂತ ಎರಡು ಪದ ಇಟ್ಟುಕೊಂಡರೆ ಹೇಗೆ?

ವೀಣೆಯಲ್ಲಿ ಮೆಟ್ಟಿಲಿಗೆ ಒತ್ತದೆ ಹೀಗೆ ಮೀಟುವುದಕ್ಕೆ ನಿಮ್ಮ ಗುರುಗಳ ಬಾಯಲ್ಲಿ ಕೇಳಿದ ಮಾತಿದ್ದರೆ ದಯವಿಟ್ಟು ಬರೆಯಿರಿ. ಧಾರವಾಡದ ಕಡೆ ಸಿತಾರ್ ಕಲಿತವರೂ ಹೇಳಿ.