ಮೆಂಟಲ್ ಹೆಲ್ತ್ ಫಸ್ಟ್ ಏಡರ್ ತರಬೇತಿ: ಯಾರನ್ನು ಕಳಿಸೋದು, ಆಮೇಲೇನು?

ಪೀಣ್ಯ_ಎರಡನೇ_ಹಂತ:

ನಮ್ಮದು ಪೀಣ್ಯದಲ್ಲಿ ಮೆಷಿನ್ ಶಾಪು, ಮೇಲಿನ ಮಹಡಿಯಲ್ಲಿ ಡಿಸೈನ್ ಮತ್ತು ಅಕೌಂಟ್ಸ್. ಒಟ್ಟು 280 ಜನ, ಎರಡು ಶಿಫ್ಟು. ನಾಲ್ಕು ಜನರನ್ನು ಮೆಂಟಲ್ ಹೆಲ್ತ್ ಫಸ್ಟ್ ಏಡರ್ (ಮನಸ್ಸಿನ ಕಷ್ಟದಲ್ಲಿರುವ ಸಹೋದ್ಯೋಗಿಯನ್ನು ಮೊದಲು ಮಾತಾಡಿಸಿ ಸಹಾಯದ ದಾರಿ ತೋರಿಸುವವರು) ತರಬೇತಿಗೆ ಕಳಿಸಿ ಅಂತ ಮ್ಯಾನೇಜ್‌ಮೆಂಟ್ ಹೇಳಿದೆ. ಎಚ್‌ಆರ್‌ನಲ್ಲಿರುವ ನನ್ನ ಹೆಸರೇ ಪಟ್ಟಿಯಲ್ಲಿ ಮೊದಲು. ಉಳಿದ ಮೂವರೂ ಲೈನ್ ಸೂಪರ್‌ವೈಸರ್‌ಗಳು.

ಎರಡು ದಿನದಲ್ಲಿ ನಿಜವಾಗಿ ಏನು ಕಲಿಸ್ತಾರೆ? ಈ ಆಯ್ಕೆ ಸರಿಯಾ? ಯಾರಾದರೂ ಬಂದು ಹೇಳಿಕೊಂಡದ್ದನ್ನು ಎಲ್ಲಿಯವರೆಗೆ ಗುಟ್ಟಾಗಿ ಇಡಬೇಕು? ರಾತ್ರಿ ಹನ್ನೊಂದಕ್ಕೆ ಏನಾದರೂ ಆದರೆ ಯಾರಿಗೆ ಫೋನ್ ಮಾಡಬೇಕು? ಸರ್ಟಿಫಿಕೇಟ್ ಫ್ರೇಮ್ ಹಾಕಿಸಿ ರಿಸೆಪ್ಷನ್‌ನಲ್ಲಿ ನೇತುಹಾಕೋಕೆ ಮಾತ್ರ ಆದ್ರೆ ಈ ಖರ್ಚು ಬೇಡ ಅಂತ ನಾನೇ ಬರೆದು ಕೊಡ್ತೀನಿ.

ತರಬೇತುದಾರ_ಜಯನಗರ:

ಮೊದಲು ಆಯ್ಕೆಯ ವಿಷಯ, ಯಾಕಂದ್ರೆ ಅಲ್ಲೇ ಎಡವಿದ್ದೀರಿ. ಸೂಪರ್‌ವೈಸರ್‌ಗಳನ್ನು ಏಡರ್ ಮಾಡಬೇಡಿ. ರಜೆ, ಓಟಿ, ಇನ್‌ಕ್ರಿಮೆಂಟು ಯಾರ ಕೈಲಿದೆಯೋ ಅವರ ಹತ್ತಿರ ಹೋಗಿ "ಮೂರು ವಾರದಿಂದ ನಿದ್ದೆ ಇಲ್ಲ ಸರ್" ಅಂತ ಯಾರೂ ಹೇಳಲ್ಲ. ಎಚ್‌ಆರ್ ಕೂಡ ಬೇಡ. ನೀವು ವ್ಯವಸ್ಥೆ ನೋಡಿಕೊಳ್ಳಿ, ಏಡರ್ ಆಗಬೇಡಿ. ನಾಳೆ ಅದೇ ವ್ಯಕ್ತಿಗೆ ಮೆಮೊ ಕೊಡೋರು ನೀವೇ ಆಗಿರ್ತೀರಿ. ಜನ ಈಗಾಗಲೇ ಯಾರ ಹತ್ತಿರ ಹೋಗಿ ಕಷ್ಟ ಹೇಳಿಕೊಳ್ತಾರೆ ಅಂತ ಕ್ಯಾಂಟೀನಿನಲ್ಲಿ ವಿಚಾರಿಸಿ. ಸ್ಟೋರ್ಸ್‌ನಲ್ಲಿರುವವರೋ, ಕ್ವಾಲಿಟಿಯಲ್ಲಿರುವ ಹಿರಿಯ ಮೇಡಮ್ಮೋ, ಹೆಸರು ತಾನಾಗಿ ಬರುತ್ತೆ. ಆಮೇಲೆ ಅವರಿಗೆ ಇಷ್ಟ ಇದೆಯಾ ಅಂತ ಕೇಳಿ. ಇತ್ತೀಚೆಗೆ ಮನೆಯಲ್ಲಿ ಸಾವು ಆದವರು, ತಾವೇ ಕಷ್ಟದಲ್ಲಿರುವವರು "ಸದ್ಯಕ್ಕೆ ಬೇಡ" ಅನ್ನೋಕೆ ದಾರಿ ಇರಲಿ.

ಸಂಖ್ಯೆಯ ಬಗ್ಗೆ: ಗಾಯದ ಫಸ್ಟ್ ಏಡ್ ಬಾಕ್ಸಿಗೆ 150 ಜನಕ್ಕೊಂದು ಅನ್ನೋ ಲೆಕ್ಕ 1948ರ ಫ್ಯಾಕ್ಟರೀಸ್ ಕಾಯ್ದೆಯಲ್ಲೇ ಬಂತು. ಮನಸ್ಸಿನ ವಿಷಯಕ್ಕೆ ಅಂಥ ಲೆಕ್ಕ ಇಲ್ಲ. ನನ್ನ ಲೆಕ್ಕ ಇಷ್ಟೇ: ಪ್ರತಿ ಶಿಫ್ಟಿಗೆ ಇಬ್ಬರು, ಅವರಲ್ಲಿ ಒಬ್ಬರು ಹೆಂಗಸು, ರಜೆ ಹಾಕಿದಾಗ ಬದಲಿಗೆ ಇನ್ನಿಬ್ಬರು. ನಿಮಗೆ ಆರು ಜನ ಬೇಕು.

ಈಗ ತರಬೇತಿ. ಈ ಕೋರ್ಸನ್ನು 2000ರಲ್ಲಿ ಆಸ್ಟ್ರೇಲಿಯಾದಲ್ಲಿ ಬೆಟ್ಟಿ ಕಿಚನರ್ ಮತ್ತು ಟೋನಿ ಜಾರ್ಮ್ ದಂಪತಿ ಶುರುಮಾಡಿದ್ದು. ಸ್ಟ್ಯಾಂಡರ್ಡ್ ಕೋರ್ಸ್ 12 ಗಂಟೆ, ಸಾಮಾನ್ಯವಾಗಿ ಎರಡು ದಿನ. ಖಿನ್ನತೆ, ಆತಂಕ, ಸೈಕೋಸಿಸ್ (ವಾಸ್ತವದ ಅರಿವು ತಪ್ಪುವ ಸ್ಥಿತಿ), ಕುಡಿತ ಮತ್ತು ಮಾದಕ ವಸ್ತು, ಜೊತೆಗೆ ಆತ್ಮಹತ್ಯೆಯ ಯೋಚನೆ, ಪ್ಯಾನಿಕ್ ಅಟ್ಯಾಕ್‌ನಂಥ ತುರ್ತು ಸಂದರ್ಭಗಳು. ಎಲ್ಲಕ್ಕೂ ಒಂದೇ ಚೌಕಟ್ಟು: ಹತ್ತಿರ ಹೋಗಿ ಮಾತಾಡಿಸಿ ಅಪಾಯ ಇದೆಯಾ ನೋಡುವುದು, ತೀರ್ಪು ಕೊಡದೆ ಕೇಳಿಸಿಕೊಳ್ಳುವುದು, ಧೈರ್ಯ ಮತ್ತು ಮಾಹಿತಿ ಕೊಡುವುದು, ಡಾಕ್ಟರ ಕಡೆಗೆ ದಾರಿ ಮಾಡುವುದು, ಮನೆಯವರು ಗೆಳೆಯರಂಥ ಬೇರೆ ಆಸರೆ ಹುಡುಕುವುದು. ಮೊದಲನೆಯದನ್ನು ಬಿಟ್ಟರೆ ಉಳಿದವು ಇದೇ ಕ್ರಮದಲ್ಲಿ ಬರಬೇಕಂತಿಲ್ಲ. ರೋಗ ಯಾವುದು ಅಂತ ಹೇಳೋದು ಏಡರ್ ಕೆಲಸ ಅಲ್ಲವೇ ಅಲ್ಲ.

ಬುಕ್ ಮಾಡುವ ಮುಂಚೆ ಎರಡು ಪ್ರಶ್ನೆ ಕೇಳಿ. ಒಂದು, ರೋಲ್ ಪ್ಲೇ ಎಷ್ಟು ಹೊತ್ತು? ಸ್ಲೈಡ್ ನೋಡಿ ಈ ಕೆಲಸ ಬರಲ್ಲ, ಬಾಯಿ ಬಿಟ್ಟು ಅಭ್ಯಾಸ ಮಾಡಬೇಕು. ಒಂದು ತಂಡದಲ್ಲಿ 25 ದಾಟಿದರೆ ಹಿಂದಿನ ಸಾಲಿನವರು ಬಾಯೇ ತೆರೆಯಲ್ಲ. ಎರಡು, ಅಭ್ಯಾಸ ಕನ್ನಡದಲ್ಲಿ ಆಗುತ್ತಾ? ಇಂಗ್ಲಿಷಿನಲ್ಲಿ ಚೆನ್ನಾಗಿ ಪಾಸಾದವರು ಶಾಪ್ ಫ್ಲೋರಿನಲ್ಲಿ ಒಬ್ಬರ ಎದುರು ನಿಂತಾಗ ತಡವರಿಸುತ್ತಾರೆ. ಮಾತು ಹೀಗೆ ಶುರುವಾಗಬಹುದು: "ಎರಡು ವಾರದಿಂದ ನೋಡ್ತಿದ್ದೀನಿ, ಊಟಕ್ಕೂ ಕೂರ್ತಿಲ್ಲ ನೀವು. ಏನೋ ಭಾರ ಇದ್ದ ಹಾಗಿದೆ. ಹತ್ತು ನಿಮಿಷ ಕೂತು ಮಾತಾಡೋಣ್ವಾ?" ಕಣ್ಣಿಗೆ ಕಂಡದ್ದನ್ನು ಹೇಳಿ, ಪ್ರಶ್ನೆಯನ್ನು ತೆರೆದಿಡಿ. "ಯಾಕೆ ಹೀಗಿದ್ದೀಯ?" ಅಂದರೆ ತಪ್ಪು ಹುಡುಕಿದಂತೆ ಕೇಳುತ್ತೆ. "ಎಲ್ಲಾ ಸರಿಹೋಗುತ್ತೆ ಬಿಡಿ" ಅಂದರೆ ಅಲ್ಲಿಗೆ ಮಾತು ಮುಗಿಯುತ್ತೆ.

ಜಾಗ ಮುಖ್ಯ. ಗಾಜಿನ ಮೀಟಿಂಗ್ ರೂಮಿನಲ್ಲಿ ಕೂರಿಸಿದರೆ ಇಡೀ ಫ್ಲೋರು ನೋಡುತ್ತೆ. ಎಚ್‌ಆರ್ ಕ್ಯಾಬಿನ್ ಪಕ್ಕ ಆದ್ರೆ ಇನ್ನೂ ಕೆಟ್ಟದ್ದು. ಎದುರುಬದುರು ಬೇಡ, ಕುರ್ಚಿ ಸ್ವಲ್ಪ ಓರೆಯಾಗಿ ಹಾಕಿ, ಬಾಗಿಲ ಕಡೆಯ ಕುರ್ಚಿ ಅವರಿಗೆ ಬಿಡಿ. ನೀರು ಇರಲಿ. ಫೋನು ಸೈಲೆಂಟ್.

ಆಸ್ಟ್ರೇಲಿಯಾದಲ್ಲಿ ಸರ್ಟಿಫಿಕೇಟಿಗೆ ಮೂರು ವರ್ಷ ಆಯಸ್ಸು. ಅಷ್ಟು ಕಾಯಬೇಡಿ, ಆರು ತಿಂಗಳಿಗೊಮ್ಮೆ ಎರಡು ಗಂಟೆ ಅಭ್ಯಾಸ ಇಟ್ಟುಕೊಳ್ಳಿ.

ಮನೋಸಾಮಾಜಿಕ_ಬಿಟಿಎಂ:

ತುರ್ತಿನ ಭಾಗ ನಾನು ಹೇಳ್ತೀನಿ. ಮನೋವೈದ್ಯಕೀಯ ಸಮಾಜಕಾರ್ಯ ನನ್ನ ಕ್ಷೇತ್ರ.

ಆತ್ಮಹತ್ಯೆಯ ಯೋಚನೆ ಇರಬಹುದು ಅನ್ನಿಸಿದರೆ ನೇರವಾಗಿ ಕೇಳಿ. ಕೇಳಿದರೆ ಇಲ್ಲದ ಯೋಚನೆ ತಲೆಗೆ ತುಂಬಿದ ಹಾಗಾಗುತ್ತೆ ಅನ್ನೋದು ತಪ್ಪು ನಂಬಿಕೆ. "ತಪ್ಪು ಯೋಚನೆ ಏನೂ ಮಾಡ್ತಿಲ್ಲ ತಾನೇ?" ಅಂತ ಕೇಳೋದು ನಮ್ಮಲ್ಲಿ ರೂಢಿ. ಅದಕ್ಕೆ "ಇಲ್ಲ" ಬಿಟ್ಟು ಬೇರೆ ಉತ್ತರವೇ ಬರಲ್ಲ, ಪ್ರಶ್ನೆಯೇ ಉತ್ತರ ಹೇಳಿಕೊಟ್ಟಿರುತ್ತೆ. ಹೀಗೆ ಕೇಳಿ: "ಇಷ್ಟು ಕಷ್ಟದಲ್ಲಿರೋರಿಗೆ ಕೆಲವೊಮ್ಮೆ ಬದುಕಿರೋದೇ ಬೇಡ ಅನ್ನಿಸುತ್ತೆ. ನಿಮಗೆ ಸಾಯಬೇಕು ಅನ್ನೋ ಯೋಚನೆ ಬರ್ತಿದ್ಯಾ?" ಹೌದು ಅಂದರೆ ಮುಂದಿನ ಮೂರು: ಹೇಗೆ ಅಂತ ಯೋಚಿಸಿದ್ದಾರಾ, ಯಾವಾಗ ಅಂತ ಇದೆಯಾ, ಅದಕ್ಕೆ ಬೇಕಾದ್ದು ಕೈಗೆ ಸಿಗುವಂತಿದೆಯಾ. ಹಿಂದೆ ಪ್ರಯತ್ನ ಮಾಡಿದ್ದರಾ ಅನ್ನೋದೂ ಕೇಳಬೇಕು. ಕೇಳಿದ ಮೇಲೆ ಸುಮ್ಮನಿರಿ. ಅರ್ಧ ನಿಮಿಷ ಮೌನ ಆದರೂ ಮಾತು ತುಂಬಬೇಡಿ.

ಯೋಜನೆ ಇದೆ ಅಂದರೆ ಒಂಟಿಯಾಗಿ ಬಿಡಬೇಡಿ. ಬೆಂಗಳೂರಿನ ಆಫೀಸುಗಳಲ್ಲಿ ಆಗುವ ದೊಡ್ಡ ಎಡವಟ್ಟು "ಇವತ್ತು ಲೀವ್ ತಗೊಂಡು ರೂಮಿಗೆ ಹೋಗಿ ರೆಸ್ಟ್ ಮಾಡಿ" ಅಂತ ಕ್ಯಾಬ್ ಹತ್ತಿಸೋದು. ಪೀಜಿಯಲ್ಲಿ ಆ ಹೊತ್ತಿಗೆ ಯಾರೂ ಇರಲ್ಲ. ಮನೆಯವರಿಗೆ ಅಥವಾ ಅವರೇ ಹೆಸರಿಸುವ ಗೆಳೆಯರಿಗೆ ಅವರ ಎದುರೇ ಫೋನ್ ಮಾಡಿ, ಬರುವವರೆಗೆ ಜೊತೆಯಲ್ಲಿ ಕೂರಿ. ಬಂದವರಿಗೆ "ಸ್ವಲ್ಪ ಬೇಜಾರಾಗಿದ್ದಾರೆ" ಅನ್ನಬೇಡಿ. ಇದ್ದದ್ದನ್ನು ಇದ್ದ ಹಾಗೆ ಹೇಳಿ.

ಫೋನ್: ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416, 24 ಗಂಟೆ, ಉಚಿತ, ಕನ್ನಡದಲ್ಲೇ ಮಾತಾಡಬಹುದು. 2022ರ ಅಕ್ಟೋಬರ್ 10ರಂದು ಶುರುವಾಯಿತು, ನಿಮ್ಹಾನ್ಸ್ ಅದರ ನೋಡಲ್ ಕೇಂದ್ರ. ನಿಮ್ಮಲ್ಲಿ ಹಿಂದಿ, ಒಡಿಯಾ ಮಾತಾಡುವ ಹುಡುಗರಿದ್ದರೆ ಅವರವರ ಭಾಷೆ ಆರಿಸಿಕೊಳ್ಳಬಹುದು. ಏನು ಮಾಡಬೇಕು ಅಂತ ತೋಚದಿದ್ದರೆ ಏಡರ್ ಕೂಡ ಅಲ್ಲಿಗೇ ಫೋನ್ ಮಾಡಿ ಕೇಳಬಹುದು. ಜೀವಕ್ಕೆ ಈಗಲೇ ಅಪಾಯ ಅಂದರೆ ಅದಲ್ಲ, 112 ಅಥವಾ 108.

ನಿಮ್ಹಾನ್ಸ್ ಎಮರ್ಜೆನ್ಸಿ ರಾತ್ರಿಯೂ ತೆರೆದಿರುತ್ತೆ, ಹೊಸೂರು ರಸ್ತೆ, ಡೇರಿ ಸರ್ಕಲ್ ಹತ್ತಿರ. ಹಳೆಯ ಚೀಟಿ, ಈಗ ತಗೊಳ್ತಿರುವ ಮಾತ್ರೆ, ಬಿಪಿಎಲ್ ಕಾರ್ಡ್ ಇದ್ದರೆ ಅದು, ಮನೆಯವರೊಬ್ಬರು ಜೊತೆಗಿರಲಿ. ಆದರೆ ಪೀಣ್ಯದಿಂದ ಸಂಜೆ ಏಳಕ್ಕೆ ಹೊರಟರೆ ಟ್ರಾಫಿಕ್ ಗೊತ್ತಲ್ಲ. ಏನಾದರೂ ನುಂಗಿದ್ದಾರೆ, ಗಾಯ ಆಗಿದೆ ಅಂದರೆ ನಿಮ್ಹಾನ್ಸ್ ಅಂತ ಹಟ ಹಿಡಿಯದೆ ಎಮರ್ಜೆನ್ಸಿ ಇರುವ ಅತಿ ಹತ್ತಿರದ ಜನರಲ್ ಆಸ್ಪತ್ರೆಗೆ ಒಯ್ಯಿರಿ. ಮೊದಲು ಜೀವ, ಮನಸ್ಸಿನ ಡಾಕ್ಟರು ಆಮೇಲೆ.

ಪ್ಯಾನಿಕ್ ಅಟ್ಯಾಕ್ ಸಾಮಾನ್ಯವಾಗಿ ಹತ್ತು ನಿಮಿಷದಲ್ಲಿ ತುತ್ತತುದಿಗೆ ಹೋಗಿ ಇಳಿಯುತ್ತೆ. ಜನರನ್ನು ದೂರ ಕಳಿಸಿ, ಕೂರಿಸಿ, ಉಸಿರು ಬಿಡುವುದನ್ನು ನಿಧಾನ ಮಾಡಿಸಿ. ಪೇಪರ್ ಕವರಿನೊಳಗೆ ಉಸಿರಾಡಿಸಬೇಡಿ. ಮೊದಲ ಸಲ ಎದೆನೋವು ಅಂದರೆ, ಅಥವಾ ನೋವು ತೋಳಿಗೆ ದವಡೆಗೆ ಹರಡಿದರೆ ಪ್ಯಾನಿಕ್ ಅಂತ ನೀವೇ ತೀರ್ಮಾನಿಸದೆ ಹೃದಯದ್ದು ಅಂತಲೇ ಭಾವಿಸಿ 108 ಕರೆಯಿರಿ.

ಮೆಷಿನ್ ಶಾಪಿಗೆ ವಿಶೇಷವಾಗಿ ಒಂದು ಮಾತು, ಕೋರ್ಸುಗಳಲ್ಲಿ ಇದಕ್ಕೆ ಸಮಯ ಸಾಲಲ್ಲ. ದಿನಾ ಜೋರಾಗಿ ಕುಡಿಯುವವರು ಶ್ರಾವಣ ಬಂತು ಅಂತಲೋ, ಅಯ್ಯಪ್ಪ ಮಾಲೆ ಹಾಕಿದೆ ಅಂತಲೋ ಒಂದೇ ಏಟಿಗೆ ಬಿಡುತ್ತಾರೆ. ಎಲ್ಲರೂ ಶಹಬ್ಬಾಸ್ ಅನ್ನುತ್ತಾರೆ. ಕೊನೆಯ ಸಲ ಕುಡಿದ 6ರಿಂದ 24 ಗಂಟೆಯಲ್ಲಿ ಕೈನಡುಕ, ಬೆವರು, ಎದೆಬಡಿತ. 48 ಗಂಟೆಯೊಳಗೆ ಫಿಟ್ಸ್ ಬರಬಹುದು. ಎರಡನೇ ದಿನದಿಂದ ನಾಲ್ಕನೇ ದಿನದೊಳಗೆ ದಿಕ್ಕು ತಪ್ಪಿದ ಮಾತು, ಇಲ್ಲದ ಹುಳು ಕಾಣುವುದು, ಜ್ವರ ಶುರುವಾದರೆ ಅದು ಪ್ರಾಣಕ್ಕೆ ಬರುವಂಥದ್ದು. ಕೈ ನಡುಗುತ್ತಿರುವವರನ್ನು ಲೇತ್ ಮುಂದೆ ನಿಲ್ಲಿಸಬೇಡಿ, ಅದೇ ದಿನ ಡಾಕ್ಟರಿಗೆ ತೋರಿಸಿ. ಇದಕ್ಕೆ ಔಷಧಿ ಇದೆ. ಫಿಟ್ಸ್ ಬಂದರೆ ಸುತ್ತಲಿನ ವಸ್ತು ಸರಿಸಿ, ಪಕ್ಕಕ್ಕೆ ಮಲಗಿಸಿ, ಹೊತ್ತು ನೋಡಿಕೊಳ್ಳಿ. ಕೈಗೆ ಬೀಗದ ಕೈಗೊಂಚಲು ಕೊಡೋದು, ಬಾಯಿಗೆ ಚಮಚ ತುರುಕೋದು, ನೀರು ಹಾಕೋದು ಯಾವುದೂ ಬೇಡ. ಐದು ನಿಮಿಷ ಕಾಯಬೇಕು ಅನ್ನೋ ಮಾತು ಮೊದಲೇ ಫಿಟ್ಸ್ ಕಾಯಿಲೆ ಇದ್ದವರಿಗೆ. ಇವರಿಗೆ ಕೂಡಲೇ 108.

ಲೇಬರ್_ಲಾ_ಮಲ್ಲೇಶ್ವರ:

ಗುಟ್ಟಿನ ಪ್ರಶ್ನೆಗೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯ 23ನೇ ಸೆಕ್ಷನ್ ಗೌಪ್ಯತೆಯ ಹೊಣೆ ಹೊರಿಸುವುದು ಚಿಕಿತ್ಸೆ ಕೊಡುವವರ ಮೇಲೆ. ನಿಮ್ಮ ಏಡರ್ ಆ ಪೈಕಿ ಅಲ್ಲ. ಹಾಗಾಗಿ ಕಂಪನಿಯೇ ಒಂದು ಪುಟದ ನಿಯಮ ಬರೆದು ಸಹಿ ಹಾಕಬೇಕು. ಏಡರ್‌ಗೆ ಹೇಳಿದ್ದು ಅಪ್ರೈಸಲ್‌ಗೆ ಬಳಕೆಯಾಗಲ್ಲ, ಮ್ಯಾನೇಜರ್ ಕೇಳಿದರೂ ಏಡರ್ ಹೇಳಬೇಕಿಲ್ಲ ಅನ್ನುವ ಎರಡು ವಾಕ್ಯ ಅದರಲ್ಲಿ ಇರಲೇಬೇಕು.

"ಯಾರಿಗೂ ಹೇಳಲ್ಲ" ಅಂತ ಏಡರ್ ಯಾವತ್ತೂ ಭಾಷೆ ಕೊಡಬಾರದು. ಮಾತು ಶುರುವಾಗುವ ಮುಂಚೆಯೇ "ನಿಮ್ಮ ಅಥವಾ ಬೇರೆಯವರ ಜೀವಕ್ಕೆ ಅಪಾಯ ಅಂತ ಕಂಡರೆ ಮಾತ್ರ ಇನ್ನೊಬ್ಬರಿಗೆ ಹೇಳ್ತೀನಿ, ಅದನ್ನೂ ನಿಮಗೆ ತಿಳಿಸಿಯೇ" ಅನ್ನಬೇಕು. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯದ ವಿಷಯ ಗೊತ್ತಾದರೆ ಪೋಕ್ಸೊ (ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ರಕ್ಷಿಸುವ ಕಾಯ್ದೆ) 19ನೇ ಸೆಕ್ಷನ್ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು. ಕೆಲಸದ ಜಾಗದ ಲೈಂಗಿಕ ಕಿರುಕುಳ ಅಂತ ಹೇಳಿಕೊಂಡರೆ ಏಡರ್ ವಿಚಾರಣೆಗೆ ಇಳಿಯಬಾರದು. ಅಂಥ ದೂರು ವಿಚಾರಿಸೋಕೆ ಕಂಪನಿಯ ಆಂತರಿಕ ಸಮಿತಿ ಇದೆ, ಲಿಖಿತ ದೂರಿಗೆ ಮೂರು ತಿಂಗಳ ಗಡುವು ಇದೆ ಅಂತ ತಿಳಿಸಲಿ. ಗಡುವು ಗೊತ್ತಿಲ್ಲದೆ ಜನ ಸಮಯ ಕಳೆದುಕೊಳ್ಳುತ್ತಾರೆ.

ದಾಖಲೆ ಕಡಿಮೆ ಇದ್ದಷ್ಟೂ ಒಳ್ಳೆಯದು: ತಿಂಗಳು, ಎಷ್ಟು ಮಾತುಕತೆ, ಎಲ್ಲಿಗೆ ಕಳಿಸಿದರು. ಹೆಸರು ಬೇಡ, ಎಂಪ್ಲಾಯಿ ನಂಬರ್ ಬೇಡ. ಏಡರ್‌ಗಳ ವಾಟ್ಸಾಪ್ ಗ್ರೂಪಿನಲ್ಲಿ "ಪೇಂಟ್ ಶಾಪಿನ ಆ ಹುಡುಗ" ಅಂತ ಬರೆದರೂ ಹೆಸರು ಬರೆದ ಹಾಗೆಯೇ.

ಆತ್ಮಹತ್ಯೆಗೆ ಯತ್ನಿಸಿದವರ ಮೇಲೆ ಕೇಸ್ ಆಗುತ್ತೆ ಅಂತ ಆಸ್ಪತ್ರೆಗೆ ಒಯ್ಯಲು ಈಗಲೂ ಹೆದರುತ್ತಾರೆ. ಅದೇ ಕಾಯ್ದೆಯ 115ನೇ ಸೆಕ್ಷನ್ ಅಂಥವರು ತೀವ್ರ ಒತ್ತಡದಲ್ಲಿದ್ದರು ಅಂತಲೇ ಭಾವಿಸುತ್ತದೆ. ಆತ್ಮಹತ್ಯೆ ಯತ್ನವನ್ನು ಅಪರಾಧ ಅನ್ನುತ್ತಿದ್ದ ಐಪಿಸಿಯ ಹಳೆಯ 309ನೇ ಸೆಕ್ಷನ್, ಐಪಿಸಿಯ ಜಾಗಕ್ಕೆ ಬಂದ ಭಾರತೀಯ ನ್ಯಾಯ ಸಂಹಿತೆಗೆ ಬರಲೇ ಇಲ್ಲ.

ದುಡ್ಡಿನ ವಿಷಯವೂ ಏಡರ್‌ಗೆ ಗೊತ್ತಿರಲಿ. ಸಂಬಳ ತಿಂಗಳಿಗೆ 21,000 ರೂಪಾಯಿಯೊಳಗೆ ಇರುವವರಿಗೆ ಇಎಸ್‌ಐ (ನೌಕರರ ರಾಜ್ಯ ವಿಮೆ) ಇದೆ. ನಿಮಗೆ ರಾಜಾಜಿನಗರದ ಇಎಸ್‌ಐ ಆಸ್ಪತ್ರೆ ನಿಮ್ಹಾನ್ಸ್‌ಗಿಂತ ಹತ್ತಿರ. ಅದಕ್ಕಿಂತ ಹೆಚ್ಚು ಸಂಬಳದವರ ಗ್ರೂಪ್ ಇನ್ಶೂರೆನ್ಸ್ ಪಾಲಿಸಿ ತೆಗೆದು ನೋಡಿ. 2017ರ ಮಾನಸಿಕ ಆರೋಗ್ಯ ಕಾಯ್ದೆಯ 21(4)ನೇ ಸೆಕ್ಷನ್ ಪ್ರಕಾರ ಮಾನಸಿಕ ಕಾಯಿಲೆಗೂ ದೈಹಿಕ ಕಾಯಿಲೆಯಷ್ಟೇ ವಿಮೆ ಇರಬೇಕು. ಕೌನ್ಸೆಲರ್‌ಗಳನ್ನು ಗೊತ್ತು ಮಾಡುವಾಗ, ಕ್ಲಿನಿಕಲ್ ಸೈಕಾಲಜಿಸ್ಟ್ ಅಂತ ಹೇಳಿಕೊಳ್ಳುವವರ ಆರ್‌ಸಿಐ (ರಿಹ್ಯಾಬಿಲಿಟೇಷನ್ ಕೌನ್ಸಿಲ್ ಆಫ್ ಇಂಡಿಯಾ) ನೋಂದಣಿ ನಂಬರ್ ಕೇಳಿ.

ಶಾಪ್_ಫ್ಲೋರ್_ಯೂನಿಯನ್:

ಒಂದು ತಕರಾರು. ಈ ತರಬೇತಿಯಿಂದ ಕಲಿತವರ ತಿಳಿವಳಿಕೆ ಮತ್ತು ಧೈರ್ಯ ಹೆಚ್ಚುತ್ತೆ ಅನ್ನೋದಕ್ಕೆ ಅಧ್ಯಯನಗಳ ಆಧಾರ ಚೆನ್ನಾಗಿದೆ. ಅವರಿಂದ ಸಹಾಯ ಪಡೆದವರ ಸ್ಥಿತಿ ಸುಧಾರಿಸುತ್ತೆ ಅನ್ನೋದಕ್ಕೆ ಅಷ್ಟು ಗಟ್ಟಿ ಆಧಾರ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಕೆಲಸದ ಸ್ಥಳದ ಮಾನಸಿಕ ಆರೋಗ್ಯಕ್ಕೆ ಮಾರ್ಗಸೂಚಿ ತಂದಾಗ ಕೆಲಸದ ಹೊರೆ, ಸಮಯ, ಮ್ಯಾನೇಜರ್‌ಗಳ ತರಬೇತಿ ಇವನ್ನೂ ಹೇಳಿತು. ಆ ಮೂವರು ಸೂಪರ್‌ವೈಸರ್‌ಗಳನ್ನು ಏಡರ್ ಮಾಡಬೇಡಿ ಸರಿ, ಆದ್ರೆ ಅವರಿಗೆ ಬೇರೆ ತರಬೇತಿ ಕೊಡಿಸಿ. ಜನರ ನಿದ್ದೆ ಕೆಡಿಸುವ ಶಿಫ್ಟ್ ಚಾರ್ಟ್ ಬರೆಯೋರು ಅವರೇ ತಾನೇ. ವಾರಕ್ಕೊಮ್ಮೆ ಶಿಫ್ಟ್ ಬದಲಾಯಿಸಿಕೊಂಡು, ಏಡರ್ ಹತ್ತಿರ ಹೋಗಿ ಮಾತಾಡಿ ಅಂದರೆ ಏನು ಪ್ರಯೋಜನ?

ಪೀಣ್ಯ_ಎರಡನೇ_ಹಂತ:

ಎಲ್ಲರಿಗೂ ವಂದನೆ. ಪಟ್ಟಿ ವಾಪಸ್ ತಗೊಳ್ತೀನಿ. ಶಿಫ್ಟ್ ಚಾರ್ಟ್ ವಿಷಯ ಮುಂದಿನ ಮೀಟಿಂಗಿನಲ್ಲಿ ಇಡ್ತೀನಿ, ಬೈಸಿಕೊಳ್ಳೋಕೆ ತಯಾರಾಗಿಯೇ ಹೋಗ್ತೀನಿ. ಕೊನೇ ಪ್ರಶ್ನೆ: ಕಷ್ಟದಲ್ಲಿರೋದು ಕಣ್ಣಿಗೆ ಕಾಣ್ತಿದೆ, ಆದ್ರೆ "ಏನಿಲ್ಲ, ಚೆನ್ನಾಗಿದ್ದೀನಿ" ಅಂತಾರೆ. ಆಗ?

ಮನೋಸಾಮಾಜಿಕ_ಬಿಟಿಎಂ:

ಅಪಾಯದ ಸೂಚನೆ ಇಲ್ಲದಿದ್ದರೆ ಒತ್ತಾಯ ಬೇಡ. "ಸರಿ, ಗುರುವಾರ ಊಟ ಆದ್ಮೇಲೆ ಮತ್ತೆ ಬರ್ತೀನಿ" ಅಂತ ದಿನ ಹೇಳಿ, ಹೇಳಿದ ದಿನ ಹೋಗಿ. ಎಷ್ಟೋ ಜನ ಎರಡನೇ ಸಲ ಕೇಳಿದಾಗ ಮಾತಾಡ್ತಾರೆ. ಏಡರ್ ಜೊತೆ ಬೇಡ ಅಂದರೆ ಬೇರೆ ಯಾರ ಜೊತೆ ಆಗಬಹುದು ಅಂತ ಕೇಳಿ. ಏಡರ್‌ಗಳ ಹೆಸರು ಮತ್ತು 14416 ಇರುವ ಚೀಟಿಯನ್ನು ನೋಟಿಸ್ ಬೋರ್ಡಿಗೆ ಮಾತ್ರ ಅಂಟಿಸಬೇಡಿ, ಅಲ್ಲಿ ನಿಂತು ನಂಬರ್ ಬರ್ಕೊಳ್ಳೋರನ್ನು ಎಲ್ಲರೂ ನೋಡ್ತಾರೆ. ಟಾಯ್ಲೆಟ್ ಬಾಗಿಲ ಒಳಬದಿಗೆ, ಕೂತವರ ಕಣ್ಣಿನ ಮಟ್ಟಕ್ಕೆ, ಕನ್ನಡ ಮತ್ತು ಹಿಂದಿ ಎರಡರಲ್ಲೂ ಹಾಕಿಸಿ.