ಗುಲಾಮರ ಒಡೆಯನ ಪರ ವಾದಿಸಿದ್ದರೇ ಥ್ಯಾಡಿಯಸ್ ಸ್ಟೀವನ್ಸ್? 40 ಎಕರೆ ಲೆಕ್ಕ ಯಾರದು?

ಪ್ರಶ್ನೆ:
ಅಮೆರಿಕದ 19ನೇ ಶತಮಾನದ ರಾಜಕಾರಣಿ ಸ್ಟೀವನ್ಸ್ ಗುಲಾಮಗಿರಿಯ ಕಡುವಿರೋಧಿ ಅಂತಲೇ ಓದಿಕೊಂಡು ಬಂದಿದ್ದೆ. 1821ರಲ್ಲಿ ಒಡೆಯನ ಪರ ವಾದಿಸಿ ಗೆದ್ದರು ಅನ್ನುವುದು ಈಗ ಗೊತ್ತಾಯಿತು. ಯಾವ ಪಾಯಿಂಟಿನ ಮೇಲೆ? ಬಿಡುಗಡೆಯಾದವರಿಗೆ 40 ಎಕರೆ ಕೊಡುವ ಯೋಜನೆಯೂ ಅವರದೇನಾ?

ಉತ್ತರ 1:
ಕೇಸು ನಿಜ. ಪೆನ್ಸಿಲ್ವೇನಿಯಾದ 1780ರ ಕಾಯ್ದೆಯಂತೆ, ಹೊರ ರಾಜ್ಯದವರು ಕರೆತಂದ ಗುಲಾಮರನ್ನು ಆರು ತಿಂಗಳಿಗಿಂತ ಹೆಚ್ಚು ಅಲ್ಲಿ ಇಟ್ಟುಕೊಳ್ಳುವಂತಿರಲಿಲ್ಲ. ಮೀರಿದರೆ ಅವರಿಗೆ ಬಿಡುಗಡೆ. ಮೇರಿಲ್ಯಾಂಡಿನ ಗುಲಾಮ ಮಹಿಳೆ ಚಾರಿಟಿ ಬಟ್ಲರ್ ಅಲ್ಲಿಗೆ ಹಲವು ಸಲ ಬಂದು ಹೋಗಿದ್ದರು. ಆ ದಿನಗಳನ್ನೆಲ್ಲ ಕೂಡಿದರೆ ಆರು ತಿಂಗಳು ದಾಟುತ್ತದೆ ಎಂಬುದು ಅವರ ವಾದ. ಕೂಡುವ ಹಾಗಿಲ್ಲ, ಒಂದೇ ಸಮನೆ ಇದ್ದಿರಬೇಕು ಎಂದರು ಒಡೆಯನ ಪರ ನಿಂತ ಗೆಟ್ಟಿಸ್‌ಬರ್ಗಿನ ಯುವ ವಕೀಲ ಸ್ಟೀವನ್ಸ್. ರಾಜ್ಯದ ಸುಪ್ರೀಂ ಕೋರ್ಟ್ ಅದನ್ನೇ ಒಪ್ಪಿತು. ಚಾರಿಟಿಯೂ ಅವರ ಮಕ್ಕಳೂ ಗುಲಾಮಗಿರಿಯಲ್ಲೇ ಉಳಿದರು. ಇದನ್ನು ಮುಚ್ಚಿಟ್ಟು ಅವರ ಜೀವನ ಬರೆಯುವುದು ತಪ್ಪು.

ಮುಂದೆ ಅವರು ನಿಂತದ್ದು ಗುಲಾಮಗಿರಿಯ ವಿರುದ್ಧ. 1851ರ ಕ್ರಿಸ್ಟಿಯಾನಾ ಘಟನೆಯಲ್ಲಿ, ತಪ್ಪಿಸಿಕೊಂಡ ಗುಲಾಮರನ್ನು ಹಿಡಿಯಲು ನೆರವಾಗದ ಕ್ಯಾಸ್ಟ್ನರ್ ಹ್ಯಾನ್ವೇ ಮೇಲೆ ರಾಜದ್ರೋಹದ ಕೇಸು ಬಿತ್ತು. ಪ್ರತಿವಾದಿ ವಕೀಲರಲ್ಲಿ ಸ್ಟೀವನ್ಸ್ ಒಬ್ಬರು. ಜ್ಯೂರಿ ಸುಮಾರು 15 ನಿಮಿಷದಲ್ಲೇ ಖುಲಾಸೆ ಮಾಡಿತು.

ಉತ್ತರ 2:
40 ಎಕರೆಯಲ್ಲಿ ಎರಡು ಸಂಗತಿ ಕಲಸಿಹೋಗಿವೆ. 1865ರ ಜನವರಿಯದು, ಬಿಡುಗಡೆಯಾದವರಿಗೆ 40 ಎಕರೆವರೆಗೆ ಕೊಡುವ ಜನರಲ್ ಶರ್ಮನ್‌ರ ಸೇನಾ ಆದೇಶ. ಅದು ಕರಾವಳಿಯ ಒಂದು ಪಟ್ಟಿಗೆ ಮಾತ್ರ. ಅಧ್ಯಕ್ಷ ಜಾನ್ಸನ್ ಅದೇ ವರ್ಷ ಆ ಜಮೀನನ್ನು ಹಳೆಯ ಮಾಲೀಕರಿಗೆ ಮರಳಿಸತೊಡಗಿದರು.

ಸ್ಟೀವನ್ಸ್ ಲೆಕ್ಕ ಇಟ್ಟದ್ದು ಆ ಸೆಪ್ಟೆಂಬರಿನ ಲ್ಯಾಂಕಾಸ್ಟರ್ ಭಾಷಣದಲ್ಲಿ. 200 ಎಕರೆಗಿಂತ ಹೆಚ್ಚಿದ್ದ ಸುಮಾರು 70,000 ಬಂಡುಕೋರ ಜಮೀನ್ದಾರರಿಂದ (ಅಂತರ್ಯುದ್ಧದಲ್ಲಿ ಸರ್ಕಾರದ ವಿರುದ್ಧ ಎದ್ದ ದಕ್ಷಿಣದವರು) 39.4 ಕೋಟಿ ಎಕರೆ ಮುಟ್ಟುಗೋಲು. ಬಿಡುಗಡೆಯಾದ 10 ಲಕ್ಷ ವಯಸ್ಕ ಗಂಡಸರಿಗೆ ತಲಾ 40 ಎಂದರೆ 4 ಕೋಟಿ ಎಕರೆ. ಮಿಕ್ಕ 35.4 ಕೋಟಿ ಎಕರೆಯನ್ನು ಎಕರೆಗೆ 10 ಡಾಲರಿನಂತೆ ಮಾರಿದರೆ 354 ಕೋಟಿ ಡಾಲರ್. ಅದರ ಬಹುಪಾಲು ಯುದ್ಧದ ಸಾಲ ತೀರಿಸಲು. ಹಂಚಿಕೆಗೆ ಹೋಗುವುದು ಹತ್ತನೆಯ ಒಂದು ಪಾಲು ಮಾತ್ರ ಎಂಬುದನ್ನು ಗಮನಿಸಿ. 1867ರಲ್ಲಿ ಮಸೂದೆಯನ್ನೂ ತಂದರು, ಪಾಸಾಗಲಿಲ್ಲ. ಖಾಸಗಿ ಆಸ್ತಿಗೆ ಕೈಹಾಕಲು ಅವರ ರಿಪಬ್ಲಿಕನ್ ಪಕ್ಷದವರೇ ಹಿಂಜರಿದರು. ಮತದ ಹಕ್ಕು ಬಂತು, ಕಾಲೂರಲು ನೆಲ ಬರಲಿಲ್ಲ.

ಉತ್ತರ 3:
ಲ್ಯಾಂಕಾಸ್ಟರಿನಲ್ಲಿರುವ ಅವರ ಸಮಾಧಿಯ ಬಗ್ಗೆಯೂ ಒಂದು ಮಾತು. 1868ರ ಆಗಸ್ಟ್ 11ರಂದು ತೀರಿಕೊಂಡರು. ಬೇರೆ ಸ್ಮಶಾನಗಳ ನಿಯಮದಲ್ಲಿ ಜನಾಂಗದ ಕಟ್ಟುಪಾಡು ಇತ್ತು. ಅದಕ್ಕೇ ಎಲ್ಲರಿಗೂ ಜಾಗವಿದ್ದ ಸಣ್ಣ ಸ್ಮಶಾನವನ್ನು ಆರಿಸಿಕೊಂಡರು. ಏಕಾಂತದ ಆಸೆಯಿಂದಲ್ಲ, ಈ ಕಾರಣಕ್ಕೇ ಇಲ್ಲಿ ಮಲಗಿದ್ದೇನೆ ಎಂದು ಕಲ್ಲಿನ ಮೇಲೇ ಕೆತ್ತಿಸಿದ್ದಾರೆ.