ಹಾರ್ಟ್ ಪೇಷಂಟ್‌ಗೆ ಕಣ್ಣಿನೊಳಗೆ ಇಂಜೆಕ್ಷನ್ ಕೊಡಿಸಬಹುದಾ?

ಕೇಳಿದ್ದು:

ಅಮ್ಮನಿಗೆ 74 ವರ್ಷ. ಬಲಗಣ್ಣಿಗೆ ವೆಟ್ ಎಎಂಡಿ (ವಯಸ್ಸಾದವರಲ್ಲಿ ರೆಟಿನಾ ನಡುವೆ ರಕ್ತನಾಳ ಸೋರಿ ದೃಷ್ಟಿ ಕೆಡುವ ಕಾಯಿಲೆ) ಆಗಿದೆ, ಪ್ರತಿ ತಿಂಗಳು ಕಣ್ಣಿನೊಳಗೆ ಇಂಜೆಕ್ಷನ್ ಬೇಕು ಅಂದಿದ್ದಾರೆ. ಎರಡು ವರ್ಷದ ಹಿಂದೆ ಸ್ಟೆಂಟ್ ಹಾಕಿಸಿದ್ದೇವೆ, ರಕ್ತ ತೆಳು ಮಾಡುವ ಮಾತ್ರೆ ನಡೀತಿದೆ. ಕಣ್ಣಿನ ಇಂಜೆಕ್ಷನ್ನಿನಿಂದ ಹಾರ್ಟ್ ಅಟ್ಯಾಕ್, ಸ್ಟ್ರೋಕ್ ಆಗಬಹುದು ಅಂತ ಓದಿ ಮನೆಯವರೆಲ್ಲ ಹೆದರಿದ್ದೇವೆ. ಕೊಡಿಸಿದವರು ಇದ್ದರೆ ಹೇಳಿ.

ಹಾಸನದಿಂದ:

ನಮ್ಮ ಅಪ್ಪನಿಗೆ ಬೈಪಾಸ್ ಆಗಿದೆ. ಕಣ್ಣಿನ ಇಂಜೆಕ್ಷನ್ ಈಗಲೂ ಕೊಡಿಸುತ್ತಿದ್ದೇವೆ. ಹೃದಯಕ್ಕೆ ಏನೂ ತೊಂದರೆ ಬಂದಿಲ್ಲ. ಹಾಗಂತ ನಮ್ಮೊಬ್ಬರ ಅನುಭವ ನಂಬಿ ತೀರ್ಮಾನ ಮಾಡಬೇಡಿ.

ನಿಮ್ಮ ಭಯಕ್ಕೆ ಕಾರಣ ಇದೆ. ಕಣ್ಣಲ್ಲಿ ಸೋರುವ ರಕ್ತನಾಳ ಬೆಳೆಸುವುದು ವಿಇಜಿಎಫ್ ಎಂಬ ಪ್ರೋಟೀನು. ಔಷಧಿ ಅದನ್ನು ತಡೆಯುತ್ತದೆ. ಆದರೆ ಮೈಯ ಉಳಿದ ರಕ್ತನಾಳಗಳಿಗೂ ಆ ಪ್ರೋಟೀನು ಬೇಕು. ಕಣ್ಣಿಗೂ ಕೊಡುವ ಅವಾಸ್ಟಿನ್ ಎಂಬ ಇಂಥ ಔಷಧಿಯನ್ನು ಕ್ಯಾನ್ಸರ್‌ಗೆ ಡ್ರಿಪ್ಪಿನಲ್ಲಿ ಕೊಟ್ಟಾಗ ಬಿಪಿ ಏರುವುದು, ರಕ್ತ ಹೆಪ್ಪುಗಟ್ಟುವುದು ಕಂಡಿದೆ. ಪ್ರಮಾಣದ ವ್ಯತ್ಯಾಸ ಮಾತ್ರ ತುಂಬಾ ದೊಡ್ಡದು. ಅಲ್ಲಿ 60 ಕೆಜಿ ತೂಕದವರಿಗೆ ಒಮ್ಮೆಗೆ 300 ಮಿಲಿಗ್ರಾಂ ಅಥವಾ ಅದಕ್ಕೂ ಜಾಸ್ತಿ. ಕಣ್ಣಿಗೆ 1.25 ಮಿಲಿಗ್ರಾಂ.

ಅಮೆರಿಕದಲ್ಲಿ ಸುಮಾರು 1,200 ಜನರ ಮೇಲೆ ಅವಾಸ್ಟಿನ್ ಮತ್ತು ಕಣ್ಣಿಗೆ ಕೊಡುವ ಅಂಥದೇ ಇನ್ನೊಂದು ಔಷಧಿ ರಾನಿಬಿಜುಮ್ಯಾಬ್ ಹೋಲಿಸಿದ ಕ್ಯಾಟ್ ಅಧ್ಯಯನದ ಫಲಿತಾಂಶ 2011ರಲ್ಲಿ ಬಂತು. ಸಾವು, ಹಾರ್ಟ್ ಅಟ್ಯಾಕ್, ಸ್ಟ್ರೋಕ್ ಲೆಕ್ಕದಲ್ಲಿ ಎರಡರ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಆದರೆ ಇಂಥ ಎಷ್ಟೋ ಅಧ್ಯಯನಗಳಲ್ಲಿ ಇತ್ತೀಚೆಗೆ ಅಟ್ಯಾಕ್ ಅಥವಾ ಸ್ಟ್ರೋಕ್ ಆದವರನ್ನು ಸೇರಿಸಿಕೊಂಡಿರುವುದಿಲ್ಲ. ಹಾಗಾಗಿ ನಿಮ್ಮ ರೆಟಿನಾ ಡಾಕ್ಟರಿಗೆ ತಾರೀಖು ಮುಖ್ಯ. ಸ್ಟೆಂಟ್ ಯಾವಾಗ, ಸ್ಟ್ರೋಕ್ ಎಂದಾದರೂ ಆಗಿತ್ತಾ, ಕಳೆದ ಕೆಲವು ತಿಂಗಳಲ್ಲಿ ಎದೆನೋವು ಬಂತಾ, ಎಲ್ಲ ಹೇಳಿ. ಡಿಸ್ಚಾರ್ಜ್ ಸಮ್ಮರಿ ತೋರಿಸಿ. ಈಚೆಗೆ ಏನಾದರೂ ಆಗಿದ್ದರೆ ಹೃದಯದ ಡಾಕ್ಟರೂ ಕಣ್ಣಿನ ಡಾಕ್ಟರೂ ಮಾತಾಡಿಕೊಂಡೇ ಮುಂದುವರಿಯಬೇಕು. ಯಾವ ಔಷಧಿ ಅಂತಲೂ ಕೇಳಿ. ರಾನಿಬಿಜುಮ್ಯಾಬ್ ರಕ್ತದಿಂದ ಬೇಗ ಹೊರಹೋಗುತ್ತದೆ, ಅವಾಸ್ಟಿನ್ ಜಾಸ್ತಿ ದಿನ ಇರುತ್ತದೆ. ನಮ್ಮ ಡಾಕ್ಟರು ಅಪ್ಪನಿಗೆ ಮೊದಲನೆಯದನ್ನೇ ಆರಿಸಿದರು. ಖರ್ಚು ಜಾಸ್ತಿ, ನಿಜ.

ಹೆದರಿ ಮುಂದೂಡುತ್ತಾ ಹೋಗಬೇಡಿ, ದಯವಿಟ್ಟು. ವೆಟ್ ಎಎಂಡಿಯಲ್ಲಿ ಹೋದ ನಡುದೃಷ್ಟಿ ಪೂರ್ತಿ ವಾಪಸ್ ಬರುವುದು ಕಷ್ಟ.

ಮಂಗಳೂರಿನಿಂದ:

ಒಂದು ಮಾತು ಸೇರಿಸುತ್ತೇನೆ. ರಕ್ತ ತೆಳು ಮಾಡುವ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ. ಈ ಇಂಜೆಕ್ಷನ್‌ಗೆ ಸಾಮಾನ್ಯವಾಗಿ ನಿಲ್ಲಿಸುವುದೇ ಇಲ್ಲ. ಸ್ಟೆಂಟ್ ಇದ್ದವರು ನಿಲ್ಲಿಸಿದರೆ ಅದೇ ದೊಡ್ಡ ಅಪಾಯ. ನಮ್ಮ ಅತ್ತೆಗೆ ಮಾರನೇ ದಿನ ಕಣ್ಣಿನ ಬಿಳಿಭಾಗದಲ್ಲಿ ಕುಂಕುಮ ಇಟ್ಟಷ್ಟು ಕೆಂಪು ಇತ್ತು, ನೋವಿರಲಿಲ್ಲ, ತಾನಾಗೇ ಹೋಯಿತು. ಆದರೆ ನೋವು ಏರುತ್ತಾ ಹೋದರೆ, ದೃಷ್ಟಿ ಮಂಜಾದರೆ ಅದೇ ದಿನ ಓಡಿ, ಸೋಂಕು ಇರಬಹುದು. ಮುಖ ಸೊಟ್ಟಗಾದರೆ, ಮಾತು ತೊದಲಿದರೆ, ಎದೆ ಹಿಡಿದಂತಾದರೆ ಕಣ್ಣಿನ ಡಾಕ್ಟರಿಗೆ ಕಾಯದೆ 108ಕ್ಕೆ ಫೋನ್ ಮಾಡಿ.

ಮೈಸೂರಿನಿಂದ:

ನಮ್ಮ ತಂದೆಗೆ ಹೃದಯ ದುರ್ಬಲ, ಅಂಗಾತ ಮಲಗಿದರೆ ಉಸಿರು ಕಟ್ಟುತ್ತದೆ. ಒಳಗೆ ಕರೆದೊಯ್ಯುವ ಮೊದಲೇ ಹೇಳಿದ್ದಕ್ಕೆ ತಲೆಭಾಗ ಎತ್ತರಿಸಿಯೇ ಕೊಟ್ಟರು. ಇಂಜೆಕ್ಷನ್ ಚುಚ್ಚುವುದು ಕ್ಷಣದ ಕೆಲಸ, ಮರಗಟ್ಟಿಸುವ ಹನಿ, ಅಯೋಡಿನ್ ತೊಳೆತಕ್ಕೇ ಹೊತ್ತು ಹಿಡಿಯುತ್ತದೆ. ಪಾಪೆ ಹಿಗ್ಗಿಸುವ ಹನಿಗೂ ಮೊದಲು ಹಾರ್ಟ್ ಪೇಷಂಟ್ ಅಂತ ನೆನಪಿಸಿ. ಅದರಲ್ಲಿ ಫಿನೈಲೆಫ್ರಿನ್ ಇದ್ದರೆ ಬಿಪಿ ಏರಬಹುದು. ಬೆಳಗಿನ ಬಿಪಿ ಮಾತ್ರೆ ತಪ್ಪಿಸಬೇಡಿ.